ಗಾಡಿ ಯಾಕ ನಿಂತಿತು?

ಹಿಂದ ಪೆಟ್ರೋಲ್ ಕಾರು ಬ್ಯಾಸಗ್ಯಾಗ ನಡುದಾರ್ಯಾಗ ನಿಂತ್ರ, ಪೈಪಿನೊಳಗ ಪೆಟ್ರೋಲ್ ಆವಿ ಆಗೇದ ಅಂತ ಡ್ರೈವರ್ ಹಸಿ ಅರಿವಿ ಸುತ್ತತಿದ್ದ. 1980ರ ದಶಕದಲ್ಲಿ ನಮ್ಮ ಜಹೀರಾಬಾದಿನಲ್ಲಿ ಆಲ್ವಿನ್-ನಿಸಾನ್ ಕಾರ್ಖಾನೆ ಡೀಜಲ್ ಸಣ್ಣ ಲಾರಿ ಮಾಡತೊಡಗಿತು. 1989ರಲ್ಲಿ ಅದು ಮಹೀಂದ್ರಾದ ಕೈಸೇರಿತು. ಡೀಜಲ್ ಗಾಡಿಗಿ ಹಸಿ ಅರಿವಿ ಮದ್ದಲ್ಲ. ಅದರಾಗ ಕಿಡಿ ಕೊಡೋ ಪ್ಲಗ್ಗೇ ಇಲ್ಲ, ಒತ್ತಿದ ಗಾಳಿಯ ಕಾವಿಗೇ ಡೀಜಲ್ ಹೊತ್ತತದ. ಪೈಪಿನಾಗ ಗಾಳಿ ಹೊಕ್ಕರ ಎಂಜಿನ್ ತಡವರಿಸಿ ನಿಲ್ಲತದ. ಫಿಲ್ಟರಿನ ಸ್ಕ್ರೂ ಸಡ್ಲ ಮಾಡಿ, ಗುಳ್ಳಿ ಹೋಗೋತನಕ ಕೈಪಂಪು ಒತ್ತಬೇಕು.

ನಾರಾಯಣಖೇಡದ ದಾರ್ಯಾಗ ಒಂದ್ ರಾತ್ರಿ ನಮ್ಮ ಹಾಡಿನ ಮೇಳದ ಗಾಡಿ ನಿಂತಿತು. ಡ್ರೈವರ್ ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿ ತೀರಿಸಿದ. ಹಾಡಿಕಿ ತಪ್ಪಿತು. ಬೆಳಗಾದ ಮ್ಯಾಲ ಟ್ಯಾಂಕಿಗಿ ಕಡ್ಡಿ ಬಿಟ್ಟು ನೋಡಿದೆವು. ಕಡ್ಡಿ ಒಣಾ ಬಂತು.