ಆನೆಗೊಂದಿಯ ನಡುಗಡ್ಡೆ

ಬಾಳೆಹೊಸೂರಿನಂತಹ ಬಯಲುಸೀಮೆಯ ಗ್ರಾಮದಲ್ಲಿ ಹುಟ್ಟಿ ಬೆಳೆದವರಿಗೆ ದ್ವೀಪವೆಂಬುದು ಭೂಗೋಳದ ಪಾಠದಲ್ಲಿ ಬಂದು ಪರೀಕ್ಷೆಯೊಡನೆ ಮರೆತುಹೋಗುವ ವಸ್ತು. ಸಮುದ್ರ ನಮಗೆ ದೂರ, ಮಳೆಯೂ ನಂಬಿ ಕೂಡ್ರಬಹುದಾದ ನೆಂಟನಲ್ಲ. ಆದರೆ ಶಿರಹಟ್ಟಿ, ಮುಂಡರಗಿ ಸೀಮೆಗಳ ದಕ್ಷಿಣದ ಅಂಚನ್ನು ಸವರಿಕೊಂಡು ಹರಿದು, ಹಮ್ಮಿಗಿಯ ಬ್ಯಾರೇಜನ್ನು ದಾಟಿ, ಹೊಸಪೇಟೆಯ ಜಲಾಶಯವನ್ನು ಹೊಕ್ಕು ಹೊರಡುವ ತುಂಗಭದ್ರೆ, ಆನೆಗೊಂದಿಯ ಬಳಿ ಬಂಡೆಗಳ ನಡುವೆ ಕವಲೊಡೆದು ಒಂದು ಪುಟ್ಟ ನಡುಗಡ್ಡೆಯನ್ನು ಬಳಸಿಕೊಂಡಿರುವಳು. ನವವೃಂದಾವನವೆಂದು ಪ್ರಸಿದ್ಧವಾದ ಆ ಸ್ಥಳದಲ್ಲಿ ಮಾಧ್ವ ಪರಂಪರೆಯ ಒಂಬತ್ತು ಮಂದಿ ಯತಿಗಳ ವೃಂದಾವನಗಳಿವೆ. ಹಂಪೆಗೆ ಹೋದವರಲ್ಲಿ ಬಹುಮಂದಿ ದಕ್ಷಿಣದ ದಡದ ಗೋಪುರ ಮಂಟಪಗಳನ್ನು ಕಂಡು, ದಣಿದು, ಇತ್ತ ತಿರುಗದೆಯೇ ಹಿಂದಿರುಗುವರು. ಶೂನ್ಯವಾದ ಅರಮನೆಗೆ ಸಲ್ಲುವ ಕುತೂಹಲ ಇಂದಿಗೂ ದೀಪ ಹತ್ತುತ್ತಿರುವ ಸ್ಥಳಕ್ಕೆ ಸಲ್ಲುವುದಿಲ್ಲವೆಂಬುದು ನಮ್ಮ ಪ್ರವಾಸಾಭಿರುಚಿಯ ಒಂದು ವೈಚಿತ್ರ್ಯ.

ಈ ಗಡ್ಡೆಯನ್ನು ವಿಜಯನಗರದ ಒಂದು ಉಪಾಂಗವೆಂಬಂತೆ ವರ್ಣಿಸುವುದು ರೂಢಿ. ಕಾಲಕ್ರಮವನ್ನು ಜೋಡಿಸಿ ನೋಡಿದರೆ ಸಂಗತಿ ಬೇರೆಯಾಗಿ ತೋರುತ್ತದೆ. ಮಧ್ವಾಚಾರ್ಯರ ಸಾಕ್ಷಾತ್ ಶಿಷ್ಯರಾದ ಪದ್ಮನಾಭತೀರ್ಥರು ಇಲ್ಲಿ ವೃಂದಾವನಸ್ಥರಾದುದು 1324ರಲ್ಲೆಂದು ಪರಂಪರೆ ಹೇಳುತ್ತದೆ. ಆಗ ವಿಜಯನಗರವೆಂಬ ಹೆಸರೇ ಹುಟ್ಟಿರಲಿಲ್ಲ. ಕಂಪಿಲಿಯ ರಾಜ್ಯ ದಿಲ್ಲಿಯ ಸೇನೆಗೆ ಬಲಿಯಾದುದು ಅದಕ್ಕೆ ಮೂರು ವರ್ಷಗಳ ತರುವಾಯ, ಸಂಗಮ ಸಹೋದರರ ರಾಜ್ಯ ಸ್ಥಾಪನೆಯೆಂದು ನಾವು ಎಣಿಸುವ 1336 ಇನ್ನೂ ಮುಂದೆ. ಅತ್ತ, ರಾಘವೇಂದ್ರಸ್ವಾಮಿಗಳ ಗುರುಗಳಾದ ಸುಧೀಂದ್ರತೀರ್ಥರು ಈ ಗಡ್ಡೆಯಲ್ಲಿ ವೃಂದಾವನಸ್ಥರಾದುದು 1623ರಲ್ಲಿ. ಅಂದರೆ 1565ರ ಕಾಳಗದ ಬಳಿಕ ಎದುರು ದಡದ ರಾಜಧಾನಿ ಸೂರೆಹೋಗಿ, ಬೀದಿಗಳಲ್ಲಿ ಗಿಡಗಂಟಿ ಬೆಳೆದು ಅರ್ಧ ಶತಮಾನ ಕಳೆದ ಮೇಲೆ. ಒಂದು ಸಾಮ್ರಾಜ್ಯದ ಆದಿಗೂ ಅಂತ್ಯಕ್ಕೂ ಆಚೀಚೆ ಚಾಚಿಕೊಂಡಿರುವ ಈ ಮುನ್ನೂರು ವರ್ಷಗಳ ಚರಿತ್ರೆಗೆ ರಾಜಾಶ್ರಯದಿಂದ ವೈಭವ ಬಂದಿತೇ ಹೊರತು ಆಯುಸ್ಸು ಬರಲಿಲ್ಲ. ಆಯುಸ್ಸನ್ನು ಕೊಟ್ಟುದು, ನನ್ನ ಮಟ್ಟಿಗೆ, ಸುತ್ತಲಿನ ನೀರು; ಕೋಟೆಯನ್ನು ಕಟ್ಟಿಕೊಂಡ ನಗರ ಬಿದ್ದಿತು, ಹೊಳೆಯನ್ನೇ ನೆಚ್ಚಿಕೊಂಡ ಗಡ್ಡೆ ಉಳಿಯಿತು.

ಒಂಬತ್ತು ವೃಂದಾವನಗಳ ನಡುವೆ ಇರುವುದು ವ್ಯಾಸರಾಜರದು. ಉಳಿದವು ಅದನ್ನು ಸುತ್ತುವರಿದಿವೆ. ‘ನ್ಯಾಯಾಮೃತ’, ‘ತರ್ಕತಾಂಡವ’, ‘ತಾತ್ಪರ್ಯಚಂದ್ರಿಕಾ’ ಎಂಬ ಮೂರು ಗ್ರಂಥಗಳಿಂದ ಅಖಿಲ ಭಾರತದ ತಾರ್ಕಿಕರನ್ನು ಎದುರಿಸಿದ ಆ ಪಂಡಿತರೇ ಪುರಂದರದಾಸರಿಗೂ ನಮ್ಮ ನೆರೆಯ ಬಾಡದಲ್ಲಿ ಹುಟ್ಟಿದ ಕನಕದಾಸರಿಗೂ ಗುರುಗಳಾದರು. ಸಂಸ್ಕೃತದ ಕಠಿಣತಮ ವಾದ ಮತ್ತು ಕನ್ನಡದ ಸುಲಭತಮ ಕೀರ್ತನೆ ಒಂದೇ ಅಂಗಳದಲ್ಲಿ ಬೆಳೆದುವು. ಕೃಷ್ಣದೇವರಾಯನಿಗೆ ಒದಗಿದ್ದ ಕುಹಯೋಗವನ್ನು ಕಳೆಯಲು ಅವರು ಕ್ಷಣಕಾಲ ಸಿಂಹಾಸನವೇರಿದರೆಂಬುದು ಸಂಪ್ರದಾಯದ ಕಥೆ. ಅಂತಹವರು 1539ರಲ್ಲಿ ದೇಹವಿಟ್ಟಾಗ ಅವರಿಗೆ ಸಂದುದು ರಾಜಧಾನಿಯ ಭೂಮಿಯಲ್ಲ, ಹೊಳೆಯ ನಡುವಿನ ಈ ನೆಲ. ಇಲ್ಲಿ ರಂಗನಾಥನ ಗುಡಿಯೊಂದು, ಆಂಜನೇಯನ ಗುಡಿಯೊಂದು ಇವೆ. ಇಂತಹ ತಾವಿನಲ್ಲಿಯೂ ಪೂಜೆಯ ಹಕ್ಕಿಗಾಗಿ ಮಠಗಳು ನ್ಯಾಯಾಲಯದ ಮೆಟ್ಟಿಲೇರಿದ್ದುಂಟು. ಯತಿಗಳು ತ್ಯಜಿಸಿದ್ದನ್ನು ಶಿಷ್ಯರೂ ತ್ಯಜಿಸಬೇಕೆಂಬ ನಿಯಮವೇನಿಲ್ಲವಷ್ಟೆ.

ಗಡ್ಡೆಗೆ ಹೋಗುವ ಬಗೆಯನ್ನು ಕುರಿತು ಎರಡು ಮಾತು ಹೆಚ್ಚಾಗಿಯೇ ಹೇಳಬೇಕು. ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ ವರ್ತಕ ಡೊಮಿಂಗೊ ಪಾಯೆಸ್, ಆನೆಗೊಂದಿಯ ಕಡವಿನಲ್ಲಿ ಜನರು ಬುಟ್ಟಿಯಂತೆ ದುಂಡಾದ ದೋಣಿಗಳಲ್ಲಿ ದಾಟುತ್ತಿದ್ದರೆಂದೂ, ಅವುಗಳ ಒಳಮೈ ಬೆತ್ತದ್ದು, ಹೊರಮೈ ತೊಗಲಿನದೆಂದೂ, ಹದಿನೈದಿಪ್ಪತ್ತು ಮಂದಿಯನ್ನು ಹೊರುತ್ತಿದ್ದುವೆಂದೂ, ಅವಶ್ಯವಾದರೆ ಕುದುರೆ ಎತ್ತುಗಳೂ ಅವುಗಳಲ್ಲಿ ದಾಟುತ್ತಿದ್ದುವೆಂದೂ ಬರೆದಿಟ್ಟಿದ್ದಾನೆ. ಅದು ನಮ್ಮ ಹರಿಗೋಲಲ್ಲದೆ ಬೇರೆಯಲ್ಲ. ತೊಗಲಿದ್ದಲ್ಲಿ ಈಗ ಪ್ಲಾಸ್ಟಿಕ್ ಹಾಳೆಯೂ ಡಾಂಬರೂ ಬಂದಿವೆ. ಬಿದಿರಿನ ಸೀಳುಗಳನ್ನು ಅಡ್ಡಡ್ಡಲಾಗಿ ಹೆಣೆಯುವ ಕೈಚಳಕ, ಮೂಗೂ ಬಾಲವೂ ಇಲ್ಲದ ಆ ದೋಣಿ ತಿರುಗುತ್ತ ತಿರುಗುತ್ತ ಮುಂದೆ ಸಾಗುವ ರೀತಿ, ಒಂದೇ ಹುಟ್ಟಿನಿಂದ ಅಂಬಿಗ ಸುಳಿಯನ್ನು ತಪ್ಪಿಸುವ ಉಪಾಯ, ಇವು ಪಾಯೆಸನ ಕಾಲದವೇ. ಆಳವಾದ ದೋಣಿಯ ಅಡಿ ಬಂಡೆಗೆ ತಾಗಿ ಒಡೆಯುವಲ್ಲಿ ಹರಿಗೋಲು ಅಂಗೈ ಆಳದ ನೀರಿನ ಮೇಲೂ ಜಾರಿಹೋಗುವುದರಿಂದ ಈ ಹೊಳೆಗೆ ಅದೇ ತಕ್ಕ ವಾಹನ.

ಆ ಬಂಡೆಗಳದು ಇನ್ನೂ ಹಿರಿಯ ಚರಿತ್ರೆ. ಸುಮಾರು ಇನ್ನೂರೈವತ್ತು ಕೋಟಿ ವರ್ಷಗಳ ಪ್ರಾಯದ ಆ ಗ್ರಾನೈಟು ಬಿಸಿಲು ಮಳೆಗಳಿಗೆ ಸೀಳಿ, ಸವೆದು, ಉರುಳುಗಲ್ಲಾಗಿ ಹೊಳೆಯೊಳಗೆ ಒಟ್ಟಿಕೊಂಡಿದೆ. ಅದರ ಸಂದುಗಳೇ ನೀರುನಾಯಿಗಳ ಮನೆ. ನುಣುಪಾದ ಕಂದು ಮೈಯ, ಕುಟುಂಬ ಸಮೇತವಾಗಿಯೇ ಬೇಟೆಯಾಡುವ ಈ ಪ್ರಾಣಿಯನ್ನು ನೋಡುವುದಕ್ಕಿಂತ ಅದರ ಗುರುತನ್ನು ಕಾಣುವುದು ಸುಲಭ: ನೀರಿಗೆ ಮೈಯೊಡ್ಡಿದ ಬಂಡೆಯ ಮೇಲೆ ಮೀನಿನ ಹುರುಪೆ, ಮುಳ್ಳುಗಳ ಚೂರು ಬೆರೆತ ಲದ್ದಿ ಒಣಗಿ ಮಿನುಗುತ್ತಿದ್ದರೆ ಹತ್ತಿರದಲ್ಲೆಲ್ಲೋ ಸಂಸಾರವಿದೆಯೆಂದು ತಿಳಿಯಬಹುದು. ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರು ಹೊಳೆಯನ್ನು 2015ರಲ್ಲಿ ಸರ್ಕಾರ ನೀರುನಾಯಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿತು. ನೀರುನಾಯಿಗಾಗಿಯೇ ಭಾರತದಲ್ಲಿ ಮೀಸಲಾದ ಮೊದಲ ಪ್ರದೇಶವಿದು. ಮೊಸಳೆಯೂ ಆಮೆಯೂ ಅದೇ ಆಶ್ರಯದಲ್ಲಿವೆ. ಸಿಡಿಮದ್ದು ಹಾಕಿ ಮೀನು ಹಿಡಿಯುವವರಿಗೂ ಮರಳು ಬಗೆಯುವವರಿಗೂ ಘೋಷಣೆಯ ಭಾಷೆ ಸುಲಭವಾಗಿ ಅರ್ಥವಾಗುವುದಿಲ್ಲವೆಂಬುದು ಬೇರೆ ಮಾತು.

ಮನುಷ್ಯನ ಲೋಭವನ್ನು ತಡೆಯಲು ನೀರೂ ಒಮ್ಮೊಮ್ಮೆ ಸಾಲದು. 2019ರ ಜುಲೈ ತಿಂಗಳಿನಲ್ಲಿ ನಿಧಿಯ ಆಸೆಯಿಂದ ಬಂದ ಕಳ್ಳರು ಒಂದು ರಾತ್ರಿ ವ್ಯಾಸರಾಜರ ವೃಂದಾವನವನ್ನೇ ಕೆಡವಿ ಅಗೆದರು. ಸರ್ವವನ್ನೂ ತೊರೆದ ಸಂನ್ಯಾಸಿಯ ಅಡಿಯಲ್ಲಿ ಹೊನ್ನನ್ನು ಹುಡುಕಿದವರ ತರ್ಕಕ್ಕೆ ‘ತರ್ಕತಾಂಡವ’ದಲ್ಲಿಯೂ ಉತ್ತರವಿರಲಾರದು. ಭಕ್ತರು ಕೂಡಿ ಕಲ್ಲುಗಳನ್ನು ಜೋಡಿಸಿ ಮತ್ತೆ ನಿಲ್ಲಿಸಿದರು.

1953ರಲ್ಲಿ ಮೇಲಣ ಅಣೆಕಟ್ಟು ಮುಗಿದಂದಿನಿಂದ ಈ ಗಡ್ಡೆಯ ಋತುಮಾನವನ್ನು ಮಳೆಗಿಂತ ಹೆಚ್ಚಾಗಿ ಅಣೆಯ ಬಾಗಿಲುಗಳು ನಿರ್ಣಯಿಸುತ್ತವೆ. ಜಲಾಶಯ ತುಂಬಿ ನೀರು ಬಿಟ್ಟರೆ ವೃಂದಾವನಗಳು ಮುಳುಗುವುದೂ, ಹರಿಗೋಲು ನಿಲ್ಲುವುದೂ, ಅರ್ಚಕರಿಗೂ ದಾರಿ ತಪ್ಪುವುದೂ ಉಂಟು; 2024ರ ಆಗಸ್ಟಿನಲ್ಲಿ 19ನೆಯ ಬಾಗಿಲು ಸರಪಳಿ ಹರಿದು ಕೊಚ್ಚಿಹೋದಾಗ ಕೆಳಗಣ ದಡದ ಊರುಗಳಿಗೆಲ್ಲ ಎಚ್ಚರಿಕೆ ಸಾರಬೇಕಾಯಿತು. ಸುಧೀಂದ್ರತೀರ್ಥರ ಆರಾಧನೆ ಫಾಲ್ಗುಣ ಬಹುಳ ಬಿದಿಗೆಯಂದು, ವ್ಯಾಸರಾಜರದು ಚೌತಿಯಂದು. ಎರಡೂ ಬೇಸಗೆಯ ಹೊಸ್ತಿಲಲ್ಲಿ, ಹೊಳೆ ಇಳಿದಿರುವಾಗ ಬರುವುದರಿಂದ ಯಾತ್ರಿಕರಿಗೆ ತೊಡಕಿಲ್ಲ, ಅಂಬಿಗರಿಗೂ ಆ ದಿನಗಳಲ್ಲಿ ಕೈತುಂಬ ಕೆಲಸ.