ಕಾನೂನು, ರಾಜ್ಯಶಾಸ್ತ್ರ: ಎರಡು ಪಾಠಗಳು ಜೊತೆಯಾದ ಬಗೆ

ಕನ್ನಡನಾಡಿಗೆ ವಕೀಲರು ಮೊದಲು ಬಂದರು, ಕಾನೂನು ಕಾಲೇಜು ಬಂದದ್ದು ಬಹಳ ತಡವಾಗಿ. 19ನೆಯ ಶತಮಾನದ ಮುನ್ಸೀಫ್ ಕೋರ್ಟುಗಳಲ್ಲಿ ವಾದಿಸುತ್ತಿದ್ದ ಅನೇಕರು ಪದವೀಧರರಲ್ಲ, ಪ್ಲೀಡರ್ ಪರೀಕ್ಷೆ ಮುಗಿಸಿ ಸನ್ನದು ಪಡೆದವರು. ಹಿರಿಯ ವಕೀಲರ ಬಳಿ ಕುಳಿತು ಅರ್ಜಿ, ದಾವೆಗಳನ್ನು ಬರೆದು ಬರೆದು ಕಲಿತದ್ದೇ ಅವರ ವ್ಯಾಸಂಗ. ಕಾನೂನಿನ ಪದವಿಯೇ ಬೇಕೆಂದವರು ಊರು ಬಿಡಬೇಕಾಗಿತ್ತು. ಮುಂಬಯಿಯಲ್ಲಿ 1855ರಲ್ಲೇ ಸರ್ಕಾರಿ ಕಾನೂನು ತರಗತಿ ಶುರುವಾಗಿತ್ತು. ಮದ್ರಾಸಿನ ಕಾನೂನು ಕಾಲೇಜು 1891ರದು. ಕನ್ನಡ ಪ್ರದೇಶ ಹಲವು ಆಡಳಿತಗಳಿಗೆ ಹಂಚಿಹೋಗಿದ್ದುದರಿಂದ ಧಾರವಾಡ, ಬೆಳಗಾವಿಯ ಹುಡುಗರಿಗೆ ಮುಂಬಯಿ ಅಥವಾ ಪುಣೆ, ಮಂಗಳೂರಿನವರಿಗೆ ಮದ್ರಾಸು ಗತಿಯಾಯಿತು. ಹೋಗಲು ದುಡ್ಡಿಲ್ಲದ ಬುದ್ಧಿವಂತರು ಎಷ್ಟು ಮಂದಿ ಪ್ಲೀಡರಿಕೆಗೇ ನಿಂತರೋ ಲೆಕ್ಕ ಇಟ್ಟವರಿಲ್ಲ.

ರಾಜ್ಯಶಾಸ್ತ್ರ ಕಾಲೇಜಿನೊಳಗೇ ಇತ್ತು, ಆದರೆ ಸ್ವಂತ ಮನೆಯಿಲ್ಲದೆ. ಇತಿಹಾಸ, ಅರ್ಥಶಾಸ್ತ್ರಗಳ ಅಧ್ಯಾಪಕರೇ ಅದನ್ನೂ ಹೇಳಿಕೊಡುವುದು ಸಾಮಾನ್ಯವಾಗಿತ್ತು. ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ಅದಕ್ಕೆ ಪ್ರತ್ಯೇಕ ವಿಭಾಗ ಆದದ್ದು 1937ರಲ್ಲಿ. ಭಾರತೀಯ ರಾಜ್ಯಶಾಸ್ತ್ರ ಸಂಘ ಹುಟ್ಟಿದ್ದು ಮರುವರ್ಷ. ಆದರೂ ಈ ವಿಷಯದ ಚರಿತ್ರೆಯಲ್ಲಿ ಮೈಸೂರಿಗೆ ಒಂದು ದೊಡ್ಡ ಪಾಲಿದೆ, ಅದೂ ವಿಶ್ವವಿದ್ಯಾಲಯ ಸ್ಥಾಪನೆಯಾಗುವ ಮೊದಲೇ. ಅಲ್ಲಿನ ಪ್ರಾಚ್ಯ ಗ್ರಂಥಾಲಯದಲ್ಲಿದ್ದ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ತಾಳೆಗರಿಯ ಒಂದು ಪ್ರತಿ ಬಿತ್ತು. ಓದಿದಾಗ ಅದು ಕೌಟಿಲ್ಯನ ಅರ್ಥಶಾಸ್ತ್ರ ಎಂದು ತಿಳಿಯಿತು. 1909ರಲ್ಲಿ ಸಂಸ್ಕೃತ ಮೂಲ ಅಚ್ಚಾಯಿತು, 1915ರಲ್ಲಿ ಅವರದೇ ಇಂಗ್ಲಿಷ್ ಅನುವಾದ ಬಂತು. ರಾಜ್ಯದ ವಿಚಾರವೆಂದರೆ ಗ್ರೀಕರಿಂದ ಶುರುವಾಗಿ ಬ್ರಿಟಿಷರಲ್ಲಿ ಮುಗಿಯುವ ಸಂಗತಿ ಎಂಬ ನಂಬಿಕೆಗೆ ಅದು ಕೊಟ್ಟ ಪೆಟ್ಟು ಸಣ್ಣದಲ್ಲ. ಇಂದು ಪ್ರಾಚೀನ ಭಾರತದ ರಾಜಕೀಯ ಚಿಂತನೆ ಎಂಬ ಪತ್ರಿಕೆಯಲ್ಲಿ ಕೌಟಿಲ್ಯನನ್ನು ಓದುವ ವಿದ್ಯಾರ್ಥಿಗೆ ಆ ತಾಳೆಗರಿಯ ಋಣ ಇದ್ದೇ ಇದೆ.

ಮೈಸೂರು ವಿಶ್ವವಿದ್ಯಾಲಯ 1916ರಲ್ಲಿ ಬಂದರೂ ಪಾಠವೆಲ್ಲ ಇಂಗ್ಲಿಷಿನಲ್ಲಿತ್ತು. ಈ ಶಾಸ್ತ್ರವನ್ನು ಕನ್ನಡದಲ್ಲಿ ಗಟ್ಟಿಯಾಗಿ ಬರೆದವರಲ್ಲಿ ಮುಖ್ಯರಾದ ಡಿ.ವಿ. ಗುಂಡಪ್ಪನವರು ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ, ಪತ್ರಿಕೋದ್ಯಮಿ. ‘ರಾಜ್ಯಶಾಸ್ತ್ರ’, ‘ರಾಜ್ಯಾಂಗ ತತ್ತ್ವಗಳು’ ಅವರ ಕೃತಿಗಳು. 1945ರಲ್ಲಿ ಬೆಂಗಳೂರಿನಲ್ಲಿ ಅವರು ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ನಾಗರಿಕ ಶಿಕ್ಷಣವನ್ನು ತರಗತಿಯ ಹೊರಗೆ ನಡೆಸಿತು.

ಇತ್ತ ಕಾನೂನು ಕಾಲೇಜಿನ ಕೊರತೆ ನೀಗಿಸಲು ವಕೀಲರೇ ಮುಂದಾದರು. 1939ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಕಾನೂನು ಸಂಸ್ಥೆ ಸ್ಥಾಪನೆಯಾಯಿತು. ಅದು ತೆರೆದ ಕಾಲೇಜಿಗೆ ವಂಟಮುರಿಯ ರಾಜಾ ಲಖಮಗೌಡರ ಹೆಸರು ಬಂತು. ಆ ಭಾಗದವರ ಬಾಯಲ್ಲಿ ಅದು ಆರ್‌ಎಲ್ ಲಾ ಕಾಲೇಜು. ಬೆಂಗಳೂರಿಗೆ ಕಾನೂನು ಕಾಲೇಜು ಬಂದದ್ದು 1948ರಲ್ಲಿ. ರಾಜ್ಯ ಒಂದಾದ ಮರುವರ್ಷ, ಅಂದರೆ 1957ರಲ್ಲಿ, ಉಡುಪಿಯಲ್ಲಿ ವೈಕುಂಠ ಬಾಳಿಗಾ ಕಾನೂನು ಕಾಲೇಜು ಶುರುವಾಯಿತು. ಆ ಕಾಲದ ಎಲ್‌ಎಲ್‌ಬಿ, ಪದವಿಯ ಮೇಲಿನ ಎರಡು ವರ್ಷದ ಓದು. ಬೆಳಿಗ್ಗೆಯೋ ಸಂಜೆಯೋ ತರಗತಿ, ಉಳಿದ ಹೊತ್ತು ಸರ್ಕಾರಿ ಕಚೇರಿಯಲ್ಲೋ ಬ್ಯಾಂಕಿನಲ್ಲೋ ಕೆಲಸ. ಹೀಗೆ ಓದಿದವರು ಅನೇಕರು. ಹಾಜರಾತಿ ಸಡಿಲ, ಪರೀಕ್ಷೆಗೆ ಗೈಡು ಎಂಬ ದೂರು ಇದ್ದದ್ದು ನಿಜ. ಆದರೆ ದುಡಿಯುವ ಬಡವರ ಮಕ್ಕಳಿಗೆ ಕರಿಕೋಟು ದಕ್ಕಿದ್ದೂ ಇದೇ ಸಡಿಲಿನಿಂದ. ಈ ಮಾತನ್ನು ಸುಧಾರಕರು ಅಷ್ಟಾಗಿ ನೆನೆಯುವುದಿಲ್ಲ.

1961ರ ವಕೀಲರ ಕಾಯ್ದೆ ಬಂದ ಮೇಲೆ ಕಾನೂನು ಶಿಕ್ಷಣದ ಮಟ್ಟ ಗೊತ್ತುಮಾಡುವ ಹೊಣೆ ಭಾರತೀಯ ವಕೀಲರ ಪರಿಷತ್ತಿಗೆ ಸೇರಿತು. ಓದು ಮೂರು ವರ್ಷಕ್ಕೆ ಏರಿತು. 1980ರ ದಶಕದಲ್ಲಿ ಪರಿಷತ್ತು ಪಿಯುಸಿ ಮುಗಿಸಿದವರಿಗೆ ಐದು ವರ್ಷದ ಸಂಯೋಜಿತ ಪದವಿಯನ್ನು ಮುಂದಿಟ್ಟಿತು. ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಅರ್ಥಶಾಸ್ತ್ರ ಕಾನೂನು ವಿದ್ಯಾರ್ಥಿಯ ಪಠ್ಯಕ್ಕೇ ಸೇರಿದ್ದು ಆಗ. ಅದರ ಮಾದರಿ ಶಾಲೆಗೆ ಬೆಂಗಳೂರು ನೆಲೆಯಾಯಿತು. 1986ರ ಕರ್ನಾಟಕ ಕಾಯ್ದೆಯಡಿ ಹುಟ್ಟಿದ ನ್ಯಾಷನಲ್ ಲಾ ಸ್ಕೂಲಿಗೆ ಎನ್.ಆರ್. ಮಾಧವ ಮೆನನ್ ಮೊದಲ ನಿರ್ದೇಶಕರು. 1988ರಲ್ಲಿ ಸೆಂಟ್ರಲ್ ಕಾಲೇಜಿನ ಆವರಣದಲ್ಲಿ ಪಾಠ ಶುರುವಾಗಿ, ಮುಂದೆ ಶಾಲೆ ನಾಗರಭಾವಿಗೆ ಹೋಯಿತು. ವರ್ಷಕ್ಕೆ ಮೂರು ಅವಧಿ, ತೀರ್ಪುಗಳನ್ನೇ ಎದುರಿಗಿಟ್ಟುಕೊಂಡು ಚರ್ಚೆ, ಅಣಕು ನ್ಯಾಯಾಲಯ: ಸಂಜೆ ಕಾಲೇಜಿನವರಿಗೆ ಇದು ಬೇರೆಯೇ ಲೋಕ. 2008ರಿಂದ ಸಿಎಲ್‌ಎಟಿ ಪ್ರವೇಶ ಪರೀಕ್ಷೆ ಬಂತು. ಇಂಗ್ಲಿಷಿನ ಆ ಪರೀಕ್ಷೆ ತಾಲ್ಲೂಕು ಕಾಲೇಜಿನ ಕನ್ನಡ ಮಾಧ್ಯಮದವರಿಗೆ ಎತ್ತರದ ಗೋಡೆಯೇ ಆಯಿತು.

ಅವರಿಗೆ ಹಳೆಯ ದಾರಿ ಇನ್ನೂ ತೆರೆದಿದೆ. ಬಿಎಯಲ್ಲಿ ಎಚ್‌ಇಪಿ, ಅಂದರೆ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಓದಿ, ಆಮೇಲೆ ಮೂರು ವರ್ಷದ ಎಲ್‌ಎಲ್‌ಬಿಗೆ ಸೇರುವುದು. 2009ರಲ್ಲಿ ಹುಬ್ಬಳ್ಳಿಯಲ್ಲಿ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ ಸ್ಥಾಪನೆಯಾಗಿ, ಅಲ್ಲಿಯವರೆಗೆ ಬೇರೆ ಬೇರೆ ವಿಶ್ವವಿದ್ಯಾಲಯಗಳಿಗೆ ಸೇರಿದ್ದ ರಾಜ್ಯದ ಹೆಚ್ಚಿನ ಕಾನೂನು ಕಾಲೇಜುಗಳು ಒಂದೇ ಪಠ್ಯಕ್ರಮದಡಿ ಬಂದವು. ಮೂರು ವರ್ಷದ್ದು, ಐದು ವರ್ಷದ್ದು ಎರಡೂ ಅಲ್ಲಿ ಜೊತೆಜೊತೆಗೇ ನಡೆಯುತ್ತಿವೆ.