ಪಂಜರದ ಮಾತು, ಪೊಟರೆಯ ಮಾತು

ಗಿಳಿಗೆ ಮಾತು ಕಲಿಸುವುದು ಪ್ರಾಚೀನ ಭಾರತದಲ್ಲಿ ಒಂದು ವಿದ್ಯೆಯೇ ಆಗಿತ್ತು. ವಾತ್ಸ್ಯಾಯನನ ಕಾಮಸೂತ್ರ ಹೇಳುವ 64 ಕಲೆಗಳಲ್ಲಿ ಗಿಳಿ, ಗೊರವಂಕಗಳಿಗೆ ಮಾತು ಕಲಿಸುವುದೂ ಒಂದು. ಅದಕ್ಕೂ ಮುಂಚೆ, ಕ್ರಿ.ಪೂ. 400ರ ಸುಮಾರಿಗೆ, ಪರ್ಷಿಯಾದ ಅರಸನ ಆಸ್ಥಾನ ವೈದ್ಯನಾಗಿದ್ದ ಗ್ರೀಕ ಕ್ಟೇಸಿಯಸ್ ಈ ಹಕ್ಕಿ ಭಾರತದವರ ಭಾಷೆ ಆಡುತ್ತದೆ, ಕಲಿಸಿದರೆ ಗ್ರೀಕನ್ನೂ ಆಡುತ್ತದೆ ಎಂದು ಬರೆದಿದ್ದ. ರೋಮಿನ ಪ್ಲಿನಿ ಹೇಳುವ ಪಾಠಕ್ರಮ ಕ್ರೂರವಾದದ್ದು: ಕಲಿಯುವಾಗ ಗಿಳಿಯ ತಲೆಗೆ ಕಬ್ಬಿಣದ ಸಲಾಕೆಯಿಂದ ಹೊಡೆಯಬೇಕಂತೆ.

ಹೊಡೆತಕ್ಕೂ ಮಾತಿಗೂ ಸಂಬಂಧವೇ ಇಲ್ಲ. ಗಿಳಿ ಗುಂಪಿನ ಜೀವಿ. ಹಗಲು ಹಿಂಡಾಗಿ ಮೇದು, ಸಂಜೆ ನೂರಾರು ಒಂದೇ ಮರಕ್ಕೆ ಬಂದು ಗಲಾಟೆಯೆಬ್ಬಿಸಿ ಮಲಗುತ್ತವೆ. ಹಾರುವಾಗ ಬಿಡದೆ ಕೂಗುವುದು ಜೊತೆಯವರ ಸಂಪರ್ಕ ತಪ್ಪದಿರಲೆಂದು. ಸುತ್ತಲಿನವರ ದನಿ ಕಲಿಯುವ ಶಕ್ತಿ ಅದಕ್ಕೆ ಹುಟ್ಟಿನಿಂದಲೇ ಇದೆ. ಪಂಜರದಲ್ಲಿ ಒಂಟಿಯಾದಾಗ ಮನೆಯವರೇ ಅದರ ಹಿಂಡು, ಅವರ ನುಡಿಯೇ ಹಿಂಡಿನ ಕೂಗು. ಗಂಡು ಹೆಣ್ಣಿಗೆ ತುತ್ತು ಕಕ್ಕಿ ಕೊಡುವಂತೆ ಸಾಕಿದವರಿಗೂ ಕೊಡಲು ಬರುವುದುಂಟು. ಜೊತೆ ಸಿಗದ ಹಕ್ಕಿ ತನ್ನ ಪುಕ್ಕವನ್ನೇ ಕಿತ್ತುಕೊಳ್ಳುತ್ತದೆ. ಅರ್ಥವಿಲ್ಲದ ಬಾಯಿಪಾಠಕ್ಕೆ ಕನ್ನಡದಲ್ಲಿ 'ಗಿಳಿಪಾಠ' ಎನ್ನುತ್ತಾರೆ. ಹಕ್ಕಿಗೆ ಅದು ಅನ್ಯಾಯ. ಅದು ಆಡುವ ಪದಕ್ಕೆ ನಾವು ಕೊಡುವ ಅರ್ಥ ಅದಕ್ಕೆ ತಿಳಿಯದಿರಬಹುದು, ಆಡುವ ಉದ್ದೇಶ ಮಾತ್ರ ಅದರ ಸ್ವಂತದ್ದು.

ಕಾಡಿನ ಗಿಳಿಯನ್ನು ಕಣ್ಣಿಟ್ಟು ನೋಡಿದವನು 7ನೆಯ ಶತಮಾನದ ಬಾಣಭಟ್ಟ. ನಾಗವರ್ಮ ಕನ್ನಡಕ್ಕೆ ತಂದ ಅವನ ಕಾದಂಬರಿಯಲ್ಲಿ ಕತೆ ಹೇಳುವುದು ವೈಶಂಪಾಯನನೆಂಬ ಗಿಳಿ. ಅದು ಹುಟ್ಟಿದ್ದು ವಿಂಧ್ಯದ ಕಾಡಿನ ಹಳೆಯ ಬೂರುಗದ ಪೊಟರೆಯಲ್ಲಿ. ಮುದಿ ಬೇಡನೊಬ್ಬ ಮರ ಹತ್ತಿ, ಪೊಟರೆ ಪೊಟರೆಗೂ ಕೈಹಾಕಿ ಮರಿಗಳನ್ನು ಕೊಂದು ಎಸೆಯುತ್ತಾನೆ. ರೆಕ್ಕೆಯಡಿ ಮರಿಯನ್ನು ಮುಚ್ಚಿಟ್ಟ ತಂದೆಯೂ ಸಾಯುತ್ತದೆ. ಎಲೆರಾಶಿಯ ಮೇಲೆ ಬಿದ್ದ ಮರಿ ಬದುಕಿ, ಮುಂದೆ ಚಿನ್ನದ ಪಂಜರದಲ್ಲಿ ಅರಸನ ಮುಂದೆ ಬರುತ್ತದೆ. ಅರಮನೆಯ ಪಂಜರಕ್ಕೆ ಗಿಳಿ ಎಲ್ಲಿಂದ ಬಂತೆಂಬುದನ್ನು ಇಷ್ಟು ನೇರವಾಗಿ ಹೇಳಿದ ಹಳೆಯ ಕೃತಿ ವಿರಳ.

ಪೊಟರೆಗೆ ಕೈಹಾಕುವ ಆ ಕ್ರಮ ಇಂದಿಗೂ ನಿಂತಿಲ್ಲ. ಗಿಳಿ ತಾನೇ ಗೂಡು ಕಟ್ಟುವುದಿಲ್ಲ. ಮರಕುಟಿಗ ಕೊರೆದ ತೂತನ್ನೋ ಹಳೆಯ ಮರದ ಪೊಟರೆಯನ್ನೋ ಹಿಡಿಯುತ್ತದೆ. ಹೀಗಾಗಿ ಮರಿಗಳಿರುವ ಜಾಗ ಹಿಡಿಯುವವರಿಗೆ ಸುಲಭವಾಗಿ ತಿಳಿಯುತ್ತದೆ. ಗಿಣಿಶಾಸ್ತ್ರದವರ ಹಕ್ಕಿಯೂ ಇಂಥ ಮರಿಯೇ: ರೆಕ್ಕೆ ಕತ್ತರಿಸಿ, ಚೀಟಿಯೊಂದನ್ನು ಎಳೆದಾಗಲೆಲ್ಲ ಒಂದು ಕಾಳು ಕೊಟ್ಟು ಪಳಗಿಸಿದ್ದು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು, 1990ರ ದಶಕದ ಆರಂಭದಲ್ಲಿ ದೇಶದ ಕಾಡುಹಕ್ಕಿಗಳ ವ್ಯಾಪಾರ ನಿಷೇಧವಾಯಿತು. ಈಗ ನಮ್ಮ ಕಾಡಿನ ಗಿಳಿಯನ್ನು ಮನೆಯಲ್ಲಿಡುವುದು ಅಪರಾಧ. ಆದರೆ ವಶಪಡಿಸಿಕೊಂಡ ಮರಿಯನ್ನು ಅಂದೇ ಹಾರಿಬಿಟ್ಟರೆ ಅದು ಬದುಕದು. ಮೇವು ಹುಡುಕುವುದಾಗಲಿ ಗಿಡುಗನಿಂದ ತಪ್ಪಿಸಿಕೊಳ್ಳುವುದಾಗಲಿ ಅದಕ್ಕೆ ಗೊತ್ತಿರುವುದಿಲ್ಲ. ಬೇರೆ ಗಿಳಿಗಳ ಜೊತೆ ದೊಡ್ಡ ಬಲೆಮನೆಯಲ್ಲಿಟ್ಟು, ರೆಕ್ಕೆ ಬಲಿತು ಹಿಂಡು ಕೂಡಿದ ಮೇಲೆಯೇ ಬಿಡಬೇಕಾಗುತ್ತದೆ.